ಎರಡು ವ್ಯಾಧಿ, ಒಂದೇ ಎದೆ

ಕಳೆದ ಆಷಾಢದ ಒಂದು ಅಪರಾಹ್ನ ನಮ್ಮ ಕಛೇರಿಯ ಮೆಟ್ಟಿಲುಗಳನ್ನೇರಿ ಬಂದ ಗೃಹಸ್ಥರೊಬ್ಬರು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು ಬಹಳ ಹೊತ್ತು ಮಾತಿಲ್ಲದೆ ನಿಂತುಬಿಟ್ಟರು. ಕಛೇರಿ ಇರುವುದು ಎರಡನೆಯ ಮಾಳಿಗೆಯಲ್ಲಿ. ಹೆಚ್ಚೆಂದರೆ ನಲ್ವತ್ತು ಮೆಟ್ಟಿಲು. ಅವರ ಹೆಗಲುಗಳು ಏರಿಳಿಯುತ್ತಿದ್ದುವು. ಬಿಸಿ ಕಾಫಿಯನ್ನು ಊದುವವರಂತೆ ತುಟಿಗಳನ್ನು ಮುಂದಕ್ಕೆ ಚಾಚಿ ಉಸಿರನ್ನು ಮೆಲ್ಲಮೆಲ್ಲನೆ ಹೊರಗೆ ಬಿಡುತ್ತಿದ್ದರು. ಕುರ್ಚಿ ಹಾಕಿ, ನೀರು ಕೊಟ್ಟು, ಮುಖವನ್ನು ದಿಟ್ಟಿಸಿ ನೋಡಿದ ಮೇಲಷ್ಟೇ ನಮಗೆ ಗುರುತು ಹತ್ತಿತು. ನಾವು ಈ ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಉಪನಗರವೊಂದರಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಹನ್ನೊಂದು ವರ್ಷ ನಮ್ಮ ದೋಸೆಯ ಕಾವಲಿಯ ಮುಂದೆ ನಿಂತಿದ್ದ ಭಟ್ಟರು ಅವರು. ವಯಸ್ಸು ಐವತ್ತನಾಲ್ಕು. ನೋಡಿದರೆ ಎಪ್ಪತ್ತೆನ್ನಬೇಕು.

ಉಸಿರು ಕುದುರಿದ ಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಎರಡು ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡೂ ವೈದ್ಯರ ಚೀಟಿಗಳೇ. ಒಂದು ಅವರು ಈಗ ಕೆಲಸ ಮಾಡುವ ಹೋಟೆಲಿನ ಗಲ್ಲಿಯ ಡಾಕ್ಟರರದು. ಅದರಲ್ಲಿ ಅಸ್ತಮಾ ಎಂದಿತ್ತು. ಇನ್ನೊಂದು ದೊಡ್ಡ ಆಸ್ಪತ್ರೆಯೊಂದರದು; ಅದರಲ್ಲಿ ಸಿ.ಓ.ಪಿ.ಡಿ. ಎಂದಿತ್ತು. ಎರಡರಲ್ಲೂ ಬರೆದ ಔಷಧಗಳು ಬೇರೆಬೇರೆ. "ಧನಿಗಳೇ, ನೀವು ಈಗ ಪೇಪರಿನವರು. ನಾಲ್ಕು ಜನ ತಿಳಿದವರ ಪರಿಚಯ ಇರುವವರು. ಇದರಲ್ಲಿ ನನಗೆ ಇರುವುದು ಯಾವುದು ಹೇಳಿ. ಎರಡಕ್ಕೂ ದುಡ್ಡು ಸುರಿಯಲು ನನ್ನಿಂದ ಆಗುವುದಿಲ್ಲ" ಎಂದರು.

ನಾವು ಎಸ್.ಎಸ್.ಎಲ್.ಸಿ.ಯವರೆಗೆ ಓದಿ ಊರು ಬಿಟ್ಟವರು. ವೈದ್ಯಶಾಸ್ತ್ರದಲ್ಲಿ ಅಭಿಪ್ರಾಯ ಕೊಡುವ ಅರ್ಹತೆ ನಮಗಿಲ್ಲ. ಆದರೆ ಭಟ್ಟರ ಪ್ರಶ್ನೆಯ ಬೆನ್ನು ಹತ್ತಿ, ಬಲ್ಲ ವೈದ್ಯರನ್ನು ಕೇಳಿ, ಸಿಕ್ಕಿದ್ದನ್ನು ಓದಿ ನಾವು ತಿಳಿದುಕೊಂಡ ಸಂಗತಿ ನಮ್ಮ ಸಾವಿರಾರು ವಾಚಕರಿಗೆ ನೇರವಾಗಿ ಸಂಬಂಧಿಸಿದ್ದಾಗಿರುವುದರಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಉತ್ತರವನ್ನು ಮೊದಲೇ ಹೇಳಿಬಿಡುವುದಾದರೆ, ಆ ಎರಡು ಚೀಟಿಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ.

ಊರಿನಲ್ಲಿ ಉಬ್ಬಸ, ಗೂರಲು, ದಮ್ಮು ಎಂದೆಲ್ಲ ಕರೆಯುವ, ಮುಂಬಯಿಗೆ ಬಂದ ಮೇಲೆ ದಮಾ ಎನ್ನುವ ಅಸ್ತಮಾ ರೋಗವನ್ನು ಬಲ್ಲದವರಿಲ್ಲ. ಬಹುಮಟ್ಟಿಗೆ ಇದು ಎಳವೆಯಲ್ಲಿ ಕಾಣಿಸಿಕೊಳ್ಳುತ್ತದೆ. ಧೂಳು, ಮಳೆಗಾಲದ ಬೂಷ್ಟು, ತಂಪು ಗಾಳಿ, ನೆಗಡಿ, ಕೆಲವರಿಗೆ ಕೆಲವು ವಾಸನೆ ತಗುಲಿದೊಡನೆ ಶ್ವಾಸನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಒಳಪೊರೆ ಬಾತುಕೊಳ್ಳುತ್ತದೆ, ಎದೆಯಲ್ಲಿ ಸಿಳ್ಳೆ ಏಳುತ್ತದೆ. ರಾತ್ರಿಯ ಕೊನೆಯ ಜಾವದಲ್ಲಿ ಪೀಡೆ ಹೆಚ್ಚು. ಆದರೆ ಬಿಗಿದದ್ದು ಸಡಿಲುತ್ತದೆ. ಔಷಧದಿಂದಲೋ ತಾನಾಗಿಯೋ ದಾರಿ ತೆರೆದುಕೊಂಡರೆ ಮರುದಿನ ರೋಗಿ ಎಲ್ಲರಂತೆ ಓಡಾಡುತ್ತಾನೆ. ಬಂದು ಹೋಗುವುದು ಅಸ್ತಮಾದ ಗುಣ.

ಸಿ.ಓ.ಪಿ.ಡಿ. ಎಂಬ ನಾಲ್ಕಕ್ಷರದ ವ್ಯಾಧಿ ಬಂದರೆ ಹೋಗುವುದಲ್ಲ. ದೀರ್ಘಕಾಲದ ಶ್ವಾಸಾವರೋಧ ಎಂದು ಕನ್ನಡದಲ್ಲಿ ಹೇಳಬಹುದು. ವರ್ಷಗಟ್ಟಲೆ ಹೊಗೆಯನ್ನು ಒಳಗೆಳೆದುಕೊಂಡ ಎದೆಯಲ್ಲಿ ಇದು ಸದ್ದಿಲ್ಲದೆ ಬೆಳೆದು, ಸಾಮಾನ್ಯವಾಗಿ ನಲ್ವತ್ತು ದಾಟಿದ ಮೇಲೆ ತಲೆಯೆತ್ತುತ್ತದೆ. ಮೊದಲು ಬೆಳಗಿನ ಕೆಮ್ಮು, ಕಫ. ಆಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು. ಕೊನೆಗೆ ಸ್ನಾನ ಮಾಡುವಾಗಲೂ ಏದುಸಿರು. ಶ್ವಾಸನಾಳಗಳು ದಪ್ಪಗಾಗಿ ಒಳಗೆ ಕಿರಿದಾಗುತ್ತವೆ. ಅವುಗಳ ತುದಿಯಲ್ಲಿರುವ ಗಾಳಿಯ ಗುಳ್ಳೆಗಳ ಗೋಡೆಗಳು ಹರಿದುಹೋಗುತ್ತವೆ. ರಾತ್ರಿ ರುಬ್ಬಿಟ್ಟ ಹಿಟ್ಟು ಹದವಾಗಿ ಉಬ್ಬಿದಾಗ ಅದರಲ್ಲಿ ಸಾವಿರಾರು ಸಣ್ಣ ಗುಳ್ಳೆಗಳಿರುವುದನ್ನು ನಮ್ಮವರೆಲ್ಲ ಕಂಡಿದ್ದಾರೆ. ಅವು ಒಡೆದು ನಾಲ್ಕಾರು ಕೂಡಿ ಒಂದೊಂದು ದೊಡ್ಡ ಗುಳ್ಳೆಯಾದರೆ ಹಿಟ್ಟಿನ ಗುಣ ಕೆಟ್ಟಿತೆಂದೇ ಅರ್ಥ. ಎದೆಯೊಳಗೆ ಆಗುವುದೂ ಇದೇ. ಗೋಡೆಗಳು ಹೋದಷ್ಟು ರಕ್ತಕ್ಕೆ ಪ್ರಾಣವಾಯು ಸೇರುವ ಜಾಗ ಹೋಯಿತು. ಅದು ಮರಳಿ ಬರುವುದಿಲ್ಲ.

ಇನ್ನೊಂದು ಹೋಲಿಕೆಯನ್ನೂ ಹೇಳಿಬಿಡುತ್ತೇವೆ. ಹೋಟೆಲಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಅಡುಗೆಮನೆಯ ಹೊಗೆಕೊಳವೆಯ ಬಾಯಿಗೆ ಯಾರೋ ಗೋಣಿಚೀಲ ತುರುಕಿದರೆ ಹೊಗೆ ಒಳಗೇ ನಿಲ್ಲುತ್ತದೆ. ಚೀಲವನ್ನು ಎಳೆದರೆ ಸರಿಯಾಗುತ್ತದೆ. ಅದು ಅಸ್ತಮಾ. ಹತ್ತು ವರ್ಷದ ಎಣ್ಣೆಯ ಜಿಡ್ಡು ಕೊಳವೆಯೊಳಗೆ ಕಲ್ಲಾಗಿ ಕೂತಿದ್ದರೆ, ಚೀಲವಿಲ್ಲದಿದ್ದರೂ ಹೊಗೆ ಹೋಗುವುದಿಲ್ಲ. ಅದು ಸಿ.ಓ.ಪಿ.ಡಿ. ಈಗ, ಒಳಗೆ ಜಿಡ್ಡು ಕಲ್ಲಾಗಿರುವ ಕೊಳವೆಯ ಬಾಯಿಗೇ ಆಗಾಗ ಗೋಣಿಚೀಲವೂ ಬೀಳುತ್ತಿದ್ದರೆ? ನಮ್ಮ ಭಟ್ಟರ ಸ್ಥಿತಿ ಅದು. ಅಂಥವರು ಕೆಲವರಲ್ಲ. ಎರಡರಲ್ಲಿ ಯಾವುದಾದರೊಂದು ಇದೆಯೆಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 9ರಿಂದ 55ರಷ್ಟು ಮಂದಿಗೆ ಎರಡರ ಲಕ್ಷಣಗಳೂ ಕೂಡಿಕೊಂಡಿರುತ್ತವೆಂದು ಬೇರೆಬೇರೆ ಅಧ್ಯಯನಗಳು ಹೇಳಿವೆ. ಅಳೆಯುವ ಕೋಲು ಒಂದೇ ಅಲ್ಲದಿರುವುದರಿಂದ ಸಂಖ್ಯೆ ಇಷ್ಟು ಹಿಗ್ಗಿ ಕುಗ್ಗುತ್ತದೆ. ಒಂದೇ ರೋಗವಿರುವವರಿಗಿಂತ ಎರಡೂ ಕೂಡಿದವರಿಗೆ ಉಲ್ಬಣಗಳು ಹೆಚ್ಚು, ನರಳಾಟ ಹೆಚ್ಚು ಎಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಡಿಮೆ.

ಈ ಕೂಡುರೋಗದ ಚರ್ಚೆ ಹೊಸತಲ್ಲ. 1961ರಲ್ಲಿ ಹಾಲೆಂಡಿನ ಗ್ರೋನಿಂಗೆನ್ ಪಟ್ಟಣದ ಓರೀ ಎಂಬ ವೈದ್ಯರೂ ಅವರ ಸಂಗಡಿಗರೂ ಅಸ್ತಮಾ ಮತ್ತು ದೀರ್ಘಕಾಲದ ಶ್ವಾಸನಾಳದ ಉರಿಯೂತಗಳು ಒಂದೇ ಬೇರಿನ ಕೊಂಬೆಗಳೆಂದು ವಾದಿಸಿದರು. ಅಲ್ಲ, ಅವು ಬೇರೆಬೇರೆ ಗಿಡಗಳೇ ಎಂದರು ಬ್ರಿಟನ್ನಿನವರು. 2014ರಲ್ಲಿ ಅಸ್ತಮಾದ ವಿಷಯದಲ್ಲಿ ಮಾರ್ಗದರ್ಶನ ಮಾಡುವ ಗೀನಾ ಎಂಬ ಅಂತರರಾಷ್ಟ್ರೀಯ ಮಂಡಳಿಯೂ ಸಿ.ಓ.ಪಿ.ಡಿ.ಗಾಗಿ ಇರುವ ಗೋಲ್ಡ್ ಎಂಬ ಮಂಡಳಿಯೂ ಕೂಡಿ ಕುಳಿತು ಈ ಕೂಡುರೋಗಕ್ಕೆ ಒಂದು ಹೆಸರಿಟ್ಟುವು. ಕೆಲವು ವರ್ಷಗಳಲ್ಲಿ ಆ ಹೆಸರಿನ ಬಾಲವನ್ನು ಕತ್ತರಿಸಿದರು. 2020ರಲ್ಲಿ ಗೋಲ್ಡ್ ಮಂಡಳಿ ಆ ಹೆಸರೇ ಬೇಡ, ಇವು ಎರಡು ರೋಗಗಳು, ಒಬ್ಬನಲ್ಲೇ ಎರಡೂ ಇರಬಹುದು, ಅಷ್ಟೆ ಎಂದಿತು. ಹೆಸರಿಗಾಗಿ ಒಡೆದು ಎರಡಾದ ನಮ್ಮ ಮುಂಬಯಿಯ ಸಂಘಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಹೆಸರು ಯಾವುದಾದರೂ ಇರಲಿ, ರೋಗಿಯ ಎದೆಯಲ್ಲಿ ಎರಡೂ ಇವೆಯೇ ಎಂದು ಮೊದಲು ನೋಡುವ ವೈದ್ಯನಿಗೆ ತಿಳಿಯಬೇಕಾದುದು ಮುಖ್ಯ. ಏಕೆಂದರೆ ಔಷಧ ಅದರ ಮೇಲೆ ನಿಂತಿದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎದೆಗೆ ಎಳೆದುಕೊಳ್ಳುವ ಔಷಧಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ಒಂದು, ಬಿಗಿದ ನಾಳವನ್ನು ಸಡಿಲಿಸುವಂಥದು. ಇದರಲ್ಲಿ ಕೆಲವು ಗಂಟೆ ಮಾತ್ರ ಕೆಲಸ ಮಾಡುವುದೂ ಇದೆ, ಅರ್ಧ ದಿನವೋ ಇಡೀ ದಿನವೋ ನಿಲ್ಲುವುದೂ ಇದೆ. ಇನ್ನೊಂದು, ಒಳಪೊರೆಯ ಬಾವನ್ನು ಇಳಿಸುವ ಸ್ಟೀರಾಯ್ಡ್. ಅಸ್ತಮಾ ಇರುವವನಿಗೆ ಸ್ಟೀರಾಯ್ಡ್ ಇಲ್ಲದೆ ಬರಿಯ ಸಡಿಲಿಸುವ ಔಷಧವನ್ನು ಕೊಡುತ್ತ ಹೋಗುವುದು ಅಪಾಯಕರ. ಬಾವು ಒಳಗೇ ಬೆಳೆಯುತ್ತಿರುತ್ತದೆ, ರೋಗಿಗೆ ತಿಳಿಯುವುದಿಲ್ಲ. ಒಂದು ರಾತ್ರಿ ಔಷಧ ಸಾಲದೆ ಹೋಗುತ್ತದೆ. ಬರಿಯ ಸಿ.ಓ.ಪಿ.ಡಿ. ಇರುವವನಿಗಾದರೋ ಮೊದಲ ಔಷಧ ದೀರ್ಘಕಾಲ ಸಡಿಲಿಸುವಂಥದೇ. ಅವನಿಗೆ ಅಗತ್ಯವಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ನ್ಯುಮೋನಿಯಾದ ಭಯ ಹೆಚ್ಚುತ್ತದೆ. ಒಬ್ಬನಿಗೆ ಪ್ರಾಣರಕ್ಷಕವಾದುದು ಇನ್ನೊಬ್ಬನಿಗೆ ಬೇಡದ ಹೊರೆ. ಎರಡೂ ರೋಗ ಇರುವವನಿಗೆ ಸ್ಟೀರಾಯ್ಡನ್ನು ಕೈಬಿಡಕೂಡದು, ಅದರ ಜೊತೆಗೆ ದೀರ್ಘಕಾಲ ಸಡಿಲಿಸುವ ಔಷಧವೂ ಬೇಕು ಎಂಬುದು ಈಗಿನ ನಿರ್ಣಯ.

ಭಟ್ಟರ ವಿಷಯದಲ್ಲಿ ನಡೆದುದೇನು? ಗಲ್ಲಿಯ ಡಾಕ್ಟರರು ಸಿಳ್ಳೆಯನ್ನು ಕೇಳಿ ಅಸ್ತಮಾ ಎಂದರು, ಎರಡೂ ಔಷಧಗಳಿದ್ದ ಪಂಪನ್ನು ಕೊಟ್ಟರು. ಗುಣ ಕಂಡಿತು, ಆದರೆ ಮೆಟ್ಟಿಲಿನ ಏದುಸಿರು ಹೋಗಲಿಲ್ಲ. ಆಗ ಯಾರದೋ ಮಾತಿನಂತೆ ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿ ವಯಸ್ಸು ಕೇಳಿದರು, ಬೀಡಿ ಸೇದುತ್ತೀರಾ ಎಂದರು, ಎದೆಯ ಚಿತ್ರ ತೆಗೆಸಿದರು, ಸಿ.ಓ.ಪಿ.ಡಿ. ಎಂದು ಬರೆದು ಹಳೆಯ ಪಂಪನ್ನು ನಿಲ್ಲಿಸಿ ಸ್ಟೀರಾಯ್ಡ್ ಇಲ್ಲದ ಹೊಸದನ್ನು ಕೊಟ್ಟರು. ಮೂರು ವಾರಗಳಲ್ಲಿ ರಾತ್ರಿಯ ಉಬ್ಬಸ ಮರಳಿತು. ಹೊರಗೆ ನೂರು ಮಂದಿ ಸರದಿಯಲ್ಲಿ ನಿಂತಿರುವಾಗ ಒಳಗಿನವರಿಗೆ ಪ್ರತಿಯೊಬ್ಬರ ಬಾಲ್ಯವನ್ನು ಕೇಳಲು ಬಿಡುವೆಲ್ಲಿ? ಆದರೆ ಭಟ್ಟರ ರೋಗದ ಅರ್ಧ ಅವರ ಬಾಲ್ಯದಲ್ಲಿತ್ತು.

ಇದನ್ನು ಕೇಳಿ ತೆಗೆದವರು ಮುನಿಸಿಪಾಲಿಟಿಯ ದವಾಖಾನೆಯ ತರುಣ ವೈದ್ಯೆಯೊಬ್ಬರು. ನಾವು ಭಟ್ಟರನ್ನು ಅಲ್ಲಿಗೆ ಕರೆದೊಯ್ದದ್ದು ಹತ್ತಿರವೆಂಬ ಒಂದೇ ಕಾರಣಕ್ಕಾಗಿ. ಆ ತಾಯಿ ಮರಾಠಿಯಲ್ಲಿ ಒಂದೊಂದಾಗಿ ಪ್ರಶ್ನೆ ಕೇಳಿದರು. ಚಿಕ್ಕಂದಿನಲ್ಲಿ ಉಬ್ಬಸವಿತ್ತೇ? ಇತ್ತು, ಮಳೆಗಾಲ ಬಂತೆಂದರೆ ತಾಯಿ ಎದೆಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದರು, ಹದಿನಾಲ್ಕು ತುಂಬುವ ಹೊತ್ತಿಗೆ ತಾನಾಗಿ ನಿಂತಿತ್ತು. ಮನೆಯಲ್ಲಿ ಮತ್ತಾರಿಗಾದರೂ? ತಾಯಿಯ ತಮ್ಮನಿಗೆ. ಬೆಳಿಗ್ಗೆ ಸೀನು ಬರುತ್ತದೆಯೇ? ಹಿಟ್ಟಿನ ಧೂಳಿಗೆ ಬರುತ್ತದೆ. ಒಂದು ದಿನ ಹಗುರ, ಒಂದು ದಿನ ಭಾರ, ಹಾಗಿದೆಯೇ? ಹೌದು. ಬೀಡಿ? ದಿನಕ್ಕೊಂದು ಕಟ್ಟು, ಇಪ್ಪತ್ತೈದು ವರ್ಷ. ಕೆಲಸ? ಹದಿನೈದನೆಯ ವಯಸ್ಸಿನಿಂದ ಭಟ್ಟಿಯ ಮುಂದೆ. ಎಡೆಬಿಡದ ಕೆಮ್ಮಾದುದರಿಂದ ಕ್ಷಯವಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕಫದ ಪರೀಕ್ಷೆಗೆ ಬರೆದರು. ಎರಡು ವಾರ ಮೀರಿದ ಕೆಮ್ಮಿಗೆ ಇದು ಮೊದಲ ಪರೀಕ್ಷೆ, ಯಾರೂ ನಾಚಬೇಕಾಗಿಲ್ಲ. ಏದುಸಿರಿನ ಮೂಲ ಹೃದಯದಲ್ಲಿಲ್ಲವೆಂದೂ ನೋಡಿಸಿದರು. ಅನಂತರ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಗೆ ಕಳುಹಿಸಿದರು.

ಈ ಊದುವ ಯಂತ್ರವನ್ನು ಜಾನ್ ಹಚಿನ್ಸನ್ ಎಂಬ ಆಂಗ್ಲ ವೈದ್ಯ 1846ರಲ್ಲಿಯೇ ಲೋಕಕ್ಕೆ ಪರಿಚಯಿಸಿದನು. ಅಷ್ಟು ಹಳೆಯದಾದ ಈ ಪರೀಕ್ಷೆಯನ್ನು ಉಸಿರಿಗೆ ಕಷ್ಟಪಡುವ ನಮ್ಮವರಲ್ಲಿ ಎಷ್ಟು ಮಂದಿ ಮಾಡಿಸಿದ್ದಾರೆ? ಎದೆಯ ಚಿತ್ರ ತೆಗೆಸದವರಿಲ್ಲ, ಊದಿದವರು ವಿರಳ. ಪರೀಕ್ಷೆಯ ಕ್ರಮ ಸರಳ. ಎದೆತುಂಬ ಗಾಳಿ ಎಳೆದು ಬಲವಾಗಿ ಪೂರ್ತಿ ಊದಬೇಕು. ಒಟ್ಟು ಎಷ್ಟು ಗಾಳಿ ಬಂತು, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಎಂದು ಯಂತ್ರ ಲೆಕ್ಕ ಮಾಡುತ್ತದೆ. ಆಮೇಲೆ ಸಡಿಲಿಸುವ ಔಷಧವನ್ನು ಕೊಟ್ಟು ಹದಿನೈದು ನಿಮಿಷ ಕಾದು ಪುನಃ ಊದಿಸುತ್ತಾರೆ. ಔಷಧದ ಅನಂತರವೂ ಮೊದಲ ಸೆಕೆಂಡಿನ ಗಾಳಿ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಹೋಗದ ಅಡಚಣೆ ಇದೆಯೆಂದರ್ಥ, ಅದು ಸಿ.ಓ.ಪಿ.ಡಿ.ಯ ಗುರುತು. ಔಷಧದಿಂದ ಮೊದಲ ಸೆಕೆಂಡಿನ ಗಾಳಿ ನೂರಕ್ಕೆ 12ರಷ್ಟಾದರೂ, ಅಳತೆಯಲ್ಲಿ 200 ಮಿಲಿಲೀಟರಿನಷ್ಟಾದರೂ, ಎರಡೂ ಕೂಡಿ ಹೆಚ್ಚಿದರೆ ಸಡಿಲುವ ಅಂಶವೂ ಇದೆಯೆಂದು ತಿಳಿಯುತ್ತಾರೆ.

ಭಟ್ಟರು ಮೊದಲ ಸಲ ಊದಿದಾಗ ಒಟ್ಟು 2.6 ಲೀಟರಿನಲ್ಲಿ ಮೊದಲ ಸೆಕೆಂಡಿಗೆ ಬಂದುದು 1.2 ಲೀಟರು. ಔಷಧದ ಅನಂತರ ಒಟ್ಟು 2.8, ಮೊದಲ ಸೆಕೆಂಡಿಗೆ 1.55. ಅಂದರೆ 350 ಮಿಲಿಲೀಟರು ಮರಳಿ ಬಂತು. ಆದರೂ ಪ್ರಮಾಣ ನೂರಕ್ಕೆ 55ರ ಆಚೆ ಹೋಗಲಿಲ್ಲ. ಗೋಣಿಚೀಲ ಹೊರಗೆ ಬಂತು, ಜಿಡ್ಡು ಉಳಿಯಿತು. ಬರಿಯ ಸಿ.ಓ.ಪಿ.ಡಿ. ಇದ್ದವರಲ್ಲೂ ಕೆಲವೊಮ್ಮೆ ಸ್ವಲ್ಪ ಸಡಿಲುವುದುಂಟಾದುದರಿಂದ ವೈದ್ಯೆ ಈ ಒಂದರ ಮೇಲೆ ನಿಲ್ಲಲಿಲ್ಲ. ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಕಣಗಳನ್ನು ಎಣಿಸಿದರು. ಅವು ಹೆಚ್ಚಿದ್ದರೆ ಸ್ಟೀರಾಯ್ಡ್ ಫಲಿಸುವ ಸಂಭವ ಹೆಚ್ಚು. ಮೈಕ್ರೋಲೀಟರಿಗೆ 300 ಎಂಬುದು ಮೇಲಿನ ಗೆರೆ. ಭಟ್ಟರದು 450 ಇತ್ತು. ಬಾಲ್ಯದ ಉಬ್ಬಸ, ಸೋದರಮಾವನ ಉಬ್ಬಸ, ಸೀನು, ಈ ಲೆಕ್ಕ ಎಲ್ಲವೂ ಕೂಡಿ ಬಂದುವು. ಎರಡೂ ಇವೆ ಎಂದರು. ಒಂದೇ ಚೀಟಿ ಬರೆದರು.

ಯಂತ್ರ ಹತ್ತಿರದಲ್ಲಿಲ್ಲದ ಕಡೆ ಪೀಕ್ ಫ್ಲೋ ಮೀಟರ್ ಎಂಬ ಕೈಯಗಲದ ಪ್ಲಾಸ್ಟಿಕ್ ಕೊಳವೆಯಾದರೂ ನೆರವಾಗುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಬೆಳಿಗ್ಗೆ ಸಂಜೆ ಊದಿ ಮುಳ್ಳು ನಿಂತ ಅಂಕಿಯನ್ನು ಎರಡು ವಾರ ಬರೆದಿಟ್ಟರೆ, ಏರಿಳಿತವಿದೆಯೋ ಇಲ್ಲವೋ ವೈದ್ಯರಿಗೆ ಕಾಣುತ್ತದೆ.

ಇಷ್ಟು ಬರೆದ ಮೇಲೆ ಹೊಗೆಯ ಮಾತನ್ನಾಡದೆ ಮುಂದೆ ಹೋದರೆ ಅದು ಅಪ್ರಾಮಾಣಿಕತೆಯಾದೀತು. ಬೀಡಿಯ ವಿಷಯ ಎಲ್ಲರೂ ಬಲ್ಲರು. 1977ರಲ್ಲಿ ಫ್ಲೆಚರ್ ಮತ್ತು ಪೀಟೋ ಎಂಬ ಇಬ್ಬರು ಲಂಡನ್ನಿನ ದುಡಿಯುವ ಗಂಡಸರನ್ನು ಎಂಟು ವರ್ಷ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ವಯಸ್ಸಾದಂತೆ ಎಲ್ಲರ ಉಸಿರೂ ಸ್ವಲ್ಪಸ್ವಲ್ಪ ಕುಗ್ಗುತ್ತದೆ. ಹೊಗೆ ತಾಗುವ ಜಾತಿಯ ದೇಹವುಳ್ಳ ಧೂಮಪಾನಿಗಳಲ್ಲಿ ಅದು ವೇಗವಾಗಿ ಕುಗ್ಗುತ್ತದೆ. ಬಿಟ್ಟರೆ ಹೋದುದು ಬರುವುದಿಲ್ಲ, ಆದರೆ ಮುಂದಿನ ಇಳಿತ ಎಲ್ಲರಂತೆ ನಿಧಾನವಾಗುತ್ತದೆ ಎಂದು ಅವರು ತೋರಿಸಿದರು. ಐವತ್ತಕ್ಕೆ ಬಿಟ್ಟರೇನು ಲಾಭ ಎನ್ನುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ಲಕ್ಷ್ಯದಲ್ಲಿಡಬೇಕು. ಅಸ್ತಮಾ ಇದ್ದು ಸೇದುವವನಿಗೆ ಇನ್ನೊಂದು ನಷ್ಟವೂ ಇದೆ. ಎಳೆದುಕೊಳ್ಳುವ ಸ್ಟೀರಾಯ್ಡ್ ಅವನಿಗೆ ಫಲಿಸುವುದೇ ಕಡಿಮೆ.

ಆದರೆ ಬೀಡಿಯನ್ನೇ ಮುಟ್ಟದವರಿಗೂ ಈ ರೋಗ ಬರುತ್ತದೆ. ಊರಿನಲ್ಲಿ ಸೌದೆಯ ಒಲೆ ಊದಿ ಊದಿ ಕಣ್ಣು ಕೆಂಪಗಾದ ನಮ್ಮ ತಾಯಂದಿರು ಯಾವ ಬೀಡಿ ಸೇದಿದ್ದರು? ಅಡುಗೆಗೆ ಗ್ಯಾಸು ಬಂದ ಮನೆಗಳಲ್ಲೂ ಬಚ್ಚಲ ಒಲೆಗೆ ಇನ್ನೂ ತೆಂಗಿನ ಮಡಲೇ ಬೀಳುತ್ತಿದೆ. ಇನ್ನು ಹೋಟೆಲಿನ ಅಡುಗೆಮನೆ. ನಮ್ಮ ಹೋಟೆಲಿನಲ್ಲಿ ಮೊದಲ ಕೆಲವು ವರ್ಷ ಡೀಸೆಲ್ ಭಟ್ಟಿ ಇತ್ತು. ಅದರ ಗರ್ಜನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಆಮೇಲೆ ಗ್ಯಾಸು ಬಂತು. ಆದರೆ ಕಾದ ಎಣ್ಣೆಯ ಆವಿ, ಒಗ್ಗರಣೆಯ ಘಾಟು ಎಲ್ಲಿಗೆ ಹೋಗಬೇಕು? ಹೊರದೂಡುವ ಫ್ಯಾನು ಇದ್ದೇ ಇತ್ತು. ಅದರ ಮೋಟಾರು ಸುಟ್ಟು ಎರಡು ತಿಂಗಳು ನಾವು ರಿಪೇರಿ ಮಾಡಿಸಲಿಲ್ಲ. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಹೋದೆವು. ಗಲ್ಲೆಯ ಮೇಲೆ ಕುಳಿತವನಿಗೆ ಅಡುಗೆಮನೆಯ ಹೊಗೆ ಕಾಣುವುದಿಲ್ಲ. ಕಾಣುವುದು ಗಿರಾಕಿಯ ತಲೆಯ ಮೇಲಿನ ಫ್ಯಾನು ಮಾತ್ರ. ಆ ಎರಡು ತಿಂಗಳಲ್ಲಿ ಭಟ್ಟರು ಒಮ್ಮೆಯೂ ದೂರಲಿಲ್ಲ. ಅವರು ಕೆಮ್ಮಿದಾಗ "ಭಟ್ರೇ, ಬೀಡಿ ಬಿಡಿ" ಎಂದು ನಾವು ಉಪದೇಶ ಮಾಡಿದ್ದುಂಟು.

2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ನಗರದ ಗಾಳಿಯ ಮಾಲಿನ್ಯದ ಮೊಕದ್ದಮೆಯಲ್ಲಿ, ಸೌದೆ ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ವಿದ್ಯುತ್ತಿಗೋ ಬದಲಾಗಬೇಕೆಂದು ಆಜ್ಞಾಪಿಸಿತು. ಅದರ ಬೆನ್ನಿಗೆ ತಂದೂರಿ ಒಲೆಗಳಿರುವ ಹೋಟೆಲುಗಳಿಗೂ ಮಹಾನಗರಪಾಲಿಕೆಯ ನೋಟೀಸುಗಳು ಹೋದುವು. ನಮ್ಮ ಹೋಟೆಲು ಮಾಲಕ ಮಿತ್ರರು ರೊಟ್ಟಿಯ ರುಚಿ ಹೋದೀತೆಂದು ಆಗ ಪೇಚಾಡಿದ್ದನ್ನು ಕೇಳಿದ್ದೇವೆ. ಒಲೆಯ ಬಾಯಿಯೊಳಗೆ ದಿನಕ್ಕೆ ಹತ್ತು ಗಂಟೆ ಮುಖವಿಡುವವನ ಪೇಚಾಟವನ್ನು ಯಾರಾದರೂ ಕೇಳಿದರೋ ಕಾಣೆವು.

ದೇಶದ ಲೆಕ್ಕವನ್ನು ನೋಡಿದರೆ ಇದು ಚಿಕ್ಕ ವಿಷಯವಲ್ಲ. 2016ರಲ್ಲಿ ಭಾರತದಲ್ಲಿ ಸಿ.ಓ.ಪಿ.ಡಿ. ಇದ್ದವರು ಸುಮಾರು 5 ಕೋಟಿ 53 ಲಕ್ಷ, ಅಸ್ತಮಾ ಇದ್ದವರು ಸುಮಾರು 3 ಕೋಟಿ 79 ಲಕ್ಷ ಎಂಬ ಅಂದಾಜು 2018ರಲ್ಲಿ ಲ್ಯಾನ್ಸೆಟ್ ಸಮೂಹದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. 1990ರಲ್ಲಿ ಸಿ.ಓ.ಪಿ.ಡಿ.ಯ ಸಂಖ್ಯೆ ಇದರ ಅರ್ಧದಷ್ಟಿತ್ತು.

ಔಷಧದ ವಿಷಯದಲ್ಲಿ ನಮ್ಮವರಲ್ಲಿರುವ ತಪ್ಪು ಕಲ್ಪನೆಗಳನ್ನು ಬರೆಯಹೊರಟರೆ ಬೇರೆಯೇ ಲೇಖನವಾದೀತು. ಪಂಪು ಕೊನೆಯ ಮದ್ದು, ಒಮ್ಮೆ ಹಿಡಿದರೆ ಬಿಡದು ಎಂಬುದು ಅವುಗಳಲ್ಲಿ ಹಿರಿದು. ಉಸಿರು ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಮ್ ಇದ್ದರೆ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಮ್, ಅಂದರೆ ನಲ್ವತ್ತರಲ್ಲಿ ಒಂದು ಪಾಲು. ಬೇಕಾದಲ್ಲಿಗೇ ಹೋಗುವುದರಿಂದ ಅಷ್ಟು ಸಾಕು. ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲನ್ನು ನೀರಿನೊಡನೆ ನುಂಗಿ, ಮದ್ದು ನಾಟಲಿಲ್ಲವೆಂದು ದೂರಿದ ಕ್ಲೀನರ್ ಹುಡುಗನೊಬ್ಬ ನಮ್ಮಲ್ಲೇ ಇದ್ದ. ಪುಡಿಯಾದರೆ ರಭಸವಾಗಿ ಎಳೆಯಬೇಕು. ಒತ್ತುವ ಪಂಪಾದರೆ ನಿಧಾನವಾಗಿ, ನಡುವೆ ಸ್ಪೇಸರ್ ಎಂಬ ಡಬ್ಬಿಯಿಟ್ಟುಕೊಂಡರೆ ಮೇಲು. ಎಳೆದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಗೆಯ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ. ಹೇಗೆ ಎಳೆಯುತ್ತೀರೆಂದು ವೈದ್ಯರೆದುರಿಗೇ ಒಮ್ಮೆ ತೋರಿಸಿ ಬನ್ನಿ.

ಎರಡನೆಯದು ಹೆಸರಿಲ್ಲದ ಪುಡಿ ಪೊಟ್ಟಣಗಳು. ಒಂದೇ ದಿನದಲ್ಲಿ ಉಬ್ಬಸ ಮಾಯವಾದರೆ ಅದರಲ್ಲಿ ಸ್ಟೀರಾಯ್ಡನ್ನು ಬೆರೆಸಿರಬಹುದೆಂದು ಸಂಶಯಪಡಬೇಕು. ಹೊಟ್ಟೆಗೆ ತಿಂಗಳುಗಟ್ಟಲೆ ಹೋಗುವ ಸ್ಟೀರಾಯ್ಡ್ ಎಲುಬನ್ನು ಸವೆಸುತ್ತದೆ, ಸಕ್ಕರೆ ರೋಗವನ್ನು ತರುತ್ತದೆ. ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ, ಆದುದರಿಂದ ತಿನ್ನುತ್ತಿದ್ದವರು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮೃಗಶಿರಾ ಕಾರ್ತಿಯಂದು ಹೈದರಾಬಾದಿನ ನಾಂಪಲ್ಲಿಯ ಪ್ರದರ್ಶನ ಮೈದಾನದಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ಕೊಡುವ ಪ್ರಸಾದಕ್ಕಾಗಿ ನಮ್ಮವರೂ ಹೋಗುವುದುಂಟು. ನಂಬಿಕೆಯ ಬಗ್ಗೆ ನಾವು ವಾದಿಸುವುದಿಲ್ಲ. ಅದು ಅಸ್ತಮಾವನ್ನು ಗುಣಪಡಿಸುತ್ತದೆಂದು ಪರೀಕ್ಷೆಯಿಂದ ಸಿದ್ಧವಾಗಿಲ್ಲ. ಹೋಗುವವರು ಪಂಪನ್ನು ಮನೆಯಲ್ಲಿ ಬಿಟ್ಟು ಹೋಗಬಾರದು.

ವರ್ಷಕ್ಕೊಮ್ಮೆ ಫ್ಲೂ ಜ್ವರದ ಲಸಿಕೆ, ವೈದ್ಯರು ಹೇಳಿದರೆ ನ್ಯುಮೋನಿಯಾದ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಪಂಪು ಎಳೆದರೂ ಸಡಿಲದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಎರಡು ರೋಗಗಳ ಹೆಸರನ್ನೂ ಹೇಳಬೇಕು. ಸಿ.ಓ.ಪಿ.ಡಿ. ಇದ್ದವರಿಗೆ ಆಮ್ಲಜನಕವನ್ನು ಅಳತೆ ಮೀರಿ ಕೊಡಬಾರದು; ಬೆರಳಿನ ಯಂತ್ರದಲ್ಲಿ 88ರಿಂದ 92ರೊಳಗೆ ನಿಲ್ಲಿಸುತ್ತಾರೆ. ಕೊಠಡಿಯ ಸಂಗಡಿಗರಿಗೂ ಇದು ತಿಳಿದಿರಲಿ. ಹೋಟೆಲಿನ ಮಾಳಿಗೆಯಲ್ಲಿ ಮಲಗುವವನ ಬಳಗವೆಂದರೆ ಅವರೇ ಅಷ್ಟೆ.

ಭಟ್ಟರ ನಿಜವಾದ ಭಯ ರೋಗದ್ದಾಗಿರಲಿಲ್ಲ. ಈಗಿನ ಧನಿಗೆ ತಿಳಿದರೆ ಕೆಲಸ ಹೋದೀತೆಂದು ಅವರು ಪಂಪನ್ನು ಅಡುಗೆಮನೆಯಲ್ಲಿ ಉದ್ದಿನ ಡಬ್ಬದ ಹಿಂದೆ ಅಡಗಿಸಿಟ್ಟು, ಯಾರೂ ಇಲ್ಲದ ಹೊತ್ತು ನೋಡಿ ಎಳೆಯುತ್ತಿದ್ದರು. ಮಗಳು ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ; ಇನ್ನು ಎರಡು ವರ್ಷ ದುಡಿಯಲೇಬೇಕು. ಅವರ ಒಪ್ಪಿಗೆ ಪಡೆದು ನಾವೇ ಆ ಹೋಟೆಲಿಗೆ ಹೋಗಿ ಧನಿಯೊಡನೆ ಮಾತನಾಡಿದೆವು. ಅವರು ನಮಗಿಂತ ಕಿರಿಯರು. ಮೊದಲು ಮುಖ ಗಂಟಿಕ್ಕಿದರು. ಇ.ಎಸ್.ಐ. ವಂತಿಗೆ ಕಟ್ಟುತ್ತಿದ್ದೀರಲ್ಲ, ಅದರ ಚೀಟಿ ಭಟ್ಟರ ಕೈಯಲ್ಲಿ ಇದೆಯೇ ಎಂದು ಕೇಳಿದೆವು. ಇರಲಿಲ್ಲ. ನಮ್ಮ ಕಾಲದಲ್ಲಿ ನಮ್ಮ ಕೆಲಸಗಾರರ ಕೈಯಲ್ಲೂ ಇರಲಿಲ್ಲವೆಂಬುದು ಆಗ ನೆನಪಾಗಿ ಸ್ವರ ತಗ್ಗಿಸಿದೆವು. ಎರಡು ವಾರಗಳ ಅನಂತರ ಅವರು ಭಟ್ಟರನ್ನು ಕಾವಲಿಯಿಂದ ಬಿಡಿಸಿ, ಹಿಟ್ಟಿನ ಹದ ನೋಡುವುದಕ್ಕೂ ಸಾಮಾನಿನ ಲೆಕ್ಕಕ್ಕೂ ಹಾಕಿದರು. ಸಂಬಳದಲ್ಲಿ ಸಾವಿರ ರೂಪಾಯಿ ಕಡಿಮೆಯಾಯಿತು.

ಕಾರ್ತಿಕದಲ್ಲಿ ಭಟ್ಟರು ಪುನಃ ಬಂದರು. ಮೆಟ್ಟಿಲಿನ ತಿರುವಿನಲ್ಲಿ ಒಮ್ಮೆ ನಿಂತರಂತೆ. ಜೇಬಿನಿಂದ ತೆಗೆದುದು ಹೋಟೆಲಿನ ಹಳೆಯ ಬಿಲ್ಲು ಪುಸ್ತಕ. ಅದರ ಹಾಳೆಗಳ ಹಿಂಬದಿಯಲ್ಲಿ ಬೆಳಿಗ್ಗೆ ಸಂಜೆಯ ಅಂಕಿಗಳನ್ನು ಬರೆದಿಟ್ಟಿದ್ದರು. ಆಷಾಢದಲ್ಲಿ ಬೆಳಿಗ್ಗೆ 180, ಸಂಜೆ 260. ಈಗ ಬೆಳಿಗ್ಗೆ 270, ಸಂಜೆ 300. ಇದಕ್ಕಿಂತ ಬಹಳ ಮೇಲೆ ಏರದೆಂದು ವೈದ್ಯೆ ಹೇಳಿದ್ದಾರೆ. ಬೀಡಿ ನಿಂತಿದೆಯೇ ಎಂದು ಕೇಳಿದೆವು. ದಿನಕ್ಕೆ ಎರಡು ಎಂದು ತಲೆ ತಗ್ಗಿಸಿದರು.

ಈ ಲೇಖನದ ಕರಡನ್ನು ಅವರಿಗೆ ಓದಿ ಹೇಳಿದೆವು. ಕಣ್ಣು ಮುಚ್ಚಿ ಕೇಳಿದರು. "ನನ್ನ ಹೆಸರು ಹಾಕಬೇಡಿ ಧನಿಗಳೇ, ಮಗಳ ಮದುವೆ ಆಗಬೇಕು" ಎಂದರು. ಬಾಗಿಲ ತನಕ ಹೋದವರು ಹಿಂತಿರುಗಿ, "ಆ ಫ್ಯಾನಿನ ಮಾತು ಮಾತ್ರ ಇರಲಿ" ಎಂದು ಹೇಳಿ ಮೆಟ್ಟಿಲಿಳಿದರು.